ಗೆರೆಯಿಲ್ಲದ ಹಣೆ

“ಬೋಗುಣಿ ಅಲ್ಲೇ ಇಳಿಸು. ಒಳಗೆ ಕಾಲಿಡಬೇಡ,” ಎಂದು ಪೊಕುವಾ ಬಾಗಿಲಿಗೆ ಅಡ್ಡವಾಗಿ ಕೈ ಚಾಚಿದಳು.

ಒಳಗೆ ಹಿತ್ತಾಳೆಯ ಮಂಚದ ಮೇಲೆ ಅವಳ ತಮ್ಮ ಅಗ್ಯೆಮಾನ್ ಬಣ್ಣಬಣ್ಣದ ಪಟ್ಟಿಗಳ ಕೆಂಟೆ ಬಟ್ಟೆ ಹೊದ್ದು, ಬೆರಳುಗಳಿಗೆಲ್ಲ ಉಂಗುರ ತೊಟ್ಟು, ಮದುಮಗನ ಹಾಗೆ ಮಲಗಿದ್ದ. ಅವನು ತೀರಿಕೊಂಡು ಆರು ವಾರವಾಗಿತ್ತು. ದೂರದ ನೆಂಟರೆಲ್ಲ ಬಂದು ಸೇರುವವರೆಗೆ ಕುಮಾಸಿ ಊರಿನಲ್ಲಿ ಯಾರನ್ನೂ ಅವಸರದಲ್ಲಿ ಕಳಿಸಿಕೊಡುವುದಿಲ್ಲ; ಅಲ್ಲಿಯತನಕ ದೇಹವನ್ನು ಆಸ್ಪತ್ರೆಯ ಶೈತ್ಯಾಗಾರದಲ್ಲಿ ಇಟ್ಟಿರುತ್ತಾರೆ. ಹೊಸ್ತಿಲಿನಾಚೆ ಅವನ ಹೆಂಡತಿ ದುಫಿ ಕರಿಬಟ್ಟೆಯುಟ್ಟು, ತಲೆಯ ಮೇಲೆ ಬೋಗುಣಿ ಹೊತ್ತು ನಿಂತಿದ್ದಳು. ಬೋಗುಣಿಯಲ್ಲಿ ಸೋಪು, ಮೈತಿಕ್ಕುವ ನಾರು, ಕರವಸ್ತ್ರ, ಒಂದು ಹೊಸ ಬಟ್ಟೆ. ಗಂಡನ ಕೊನೆಯ ಪಯಣಕ್ಕೆ ಹೆಂಡತಿ ಕಟ್ಟಿಕೊಡುವ ಬುತ್ತಿ ಅದು. ಅದನ್ನು ಅವಳು ಕೈಯಾರೆ ಶವಪೆಟ್ಟಿಗೆಯಲ್ಲಿಡಬೇಕು. ಇಡಗೊಡದೆ ಹಿಂದಕ್ಕೆ ಕಳಿಸಿದರೋ, ಅಷ್ಟು ವರ್ಷ ಮಾಡಿದ ಸಂಸಾರ ಯಾವ ಲೆಕ್ಕಕ್ಕೂ ಬರುವುದಿಲ್ಲ.

“ಯಾಕಕ್ಕಾ?”

“ಯಾಕಂತೆ! ಬೆಳಗ್ಗೆಯಿಂದ ನೋಡ್ತಾನೇ ಇದೀನಿ ಕಣೇ. ಊರಿಗೆ ಊರೇ ಮುಖ ಕಿವುಚಿಕೊಂಡು ಅಳ್ತಿದೆ, ನಿನ್ನ ಹಣೆ ಮೇಲೆ ಒಂದು ಗೆರೆ ಇಲ್ಲ. ದುಡ್ಡು ಇಸ್ಕೊಂಡು ಅಳೋಕೆ ಬಂದವಳೇ ನಿನಗಿಂತ ವಾಸಿ.”

“ಕಣ್ಣಲ್ಲಿ ನೀರು ಬರ್ತಾ ಇದೆಯಲ್ಲಕ್ಕಾ.”

“ಈರುಳ್ಳಿ ಹೆಚ್ಚಿದ್ರೂ ಬರುತ್ತೆ.”

ಶಾಮಿಯಾನದ ಕೆಳಗೆ ಕೂತಿದ್ದ ಹೆಂಗಸರು ಇತ್ತ ಕಿವಿಕೊಟ್ಟಿದ್ದರು. ಒಬ್ಬಾಕೆ ಎಲ್ಲರಿಗೂ ಕೇಳುವಂತೆ ಹಲ್ಲಿನ ಸಂದಿಯಿಂದ ತಾತ್ಸಾರವಾಗಿ ‘ಚ್ಯೂ’ ಎಂದಳು. ದುಫಿ ತನ್ನ ಶಕ್ತಿಯನ್ನೆಲ್ಲ ಕೂಡಿಸಿ ಹುಬ್ಬು ಗಂಟಿಕ್ಕಲು ನೋಡಿದಳು. ಹಣೆ ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಗಂಡ ಹೋದಾಗಿನಿಂದ ಅವಳು ನೆಟ್ಟಗೆ ಒಂದು ರಾತ್ರಿ ನಿದ್ದೆ ಮಾಡಿರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಮಾತ್ರ ಯಾವಳೋ ಉಂಡು ಮಲಗಿ ಎದ್ದವಳ ಮುಖ ಕಾಣುತ್ತಿತ್ತು. ನಿಜ ಹೇಳಿಬಿಡೋಣವೆಂದರೆ, ಊರ ಬಾಯಿಗೆ ಬೀಗ ಹಾಕುವವರು ಯಾರು? ಗಂಡ ಸತ್ತವಳಿಗೆ ನುಣ್ಣನೆಯ ಹಣೆ ಯಾಕೆ ಬೇಕಿತ್ತು ಎಂದು ಕೇಳಿ, ಹೊಸ ಗಂಡನನ್ನು ಹುಡುಕಿಕೊಳ್ಳಲು ಎಂದು ಉತ್ತರವನ್ನೂ ಅವರೇ ಹೇಳಿಬಿಡುತ್ತಿದ್ದರು. ಹಾಗಾಗಿ ಬಾಯಿಗೆ ಬಂದದ್ದನ್ನು ಪ್ರತಿಸಲವೂ ನುಂಗಿಕೊಂಡಿದ್ದಳು.

ಒಳಗಿನಿಂದ ಮನೆತನದ ಹಿರಿಯ ಬೋಟೆಂಗ್ ಕೂಗಿದ. “ಪೊಕುವಾ, ಪೆಟ್ಟಿಗೆಗೆ ಇಳಿಸಿದ್ದಾಯ್ತು. ಹೆಂಡತಿ ಸಾಮಾನೆಲ್ಲಿ? ಹೊತ್ತಾಯ್ತಮ್ಮ.”

“ಅವನಿಗೆ ಹೆಂಡತಿ ಇಲ್ಲ ಮಾವ. ಮುಚ್ಚಳ ಹಾಕಿ.”

ಊರು ಏನು ಬೇಕಾದರೂ ಅಂದುಕೊಳ್ಳಲಿ. ದುಫಿ ಬೋಗುಣಿಯನ್ನು ಕೆಳಗಿಳಿಸಿ ಪೊಕುವಾಳ ಎರಡೂ ಕೈ ಹಿಡಿದುಕೊಂಡಳು.

“ಇಂಜೆಕ್ಷನ್ ಅಕ್ಕಾ ಇದು. ಸುಕ್ಕು ಹೋಗೋಕೆ ಅಂತ ಹಣೆಗೆ ಹಾಕಿಸ್ಕೊಂಡಿದೀನಿ. ಇನ್ನೂ ಎರಡು ತಿಂಗಳು ಅಲ್ಲಾಡಲ್ವಂತೆ. ಅವರು ಹೋಗಿದ್ದು ನನ್ನ ಹಣೆಗಿನ್ನೂ ಗೊತ್ತಾಗಿಲ್ಲ ಅಕ್ಕಾ.”

ಪೊಕುವಾ ಕೈ ಕೊಸರಿಕೊಂಡಳು. “ಈ ವಯಸ್ಸಲ್ಲಿ ಯಾವನಿಗೆ ತೋರ್ಸೋಕೆ?”

“ಅವರಿಗೇ. ‘ಯಾವಾಗ್ಲೂ ಹುಬ್ಬು ಗಂಟು ಹಾಕ್ಕೊಂಡಿರ್ತೀಯ, ನಿನಗೆ ನನ್ನ ಮೇಲೆ ಸಿಟ್ಟಿದೆಯೋ ಇಲ್ವೋ ಅಂತ ಗೊತ್ತಾಗೋದೇ ಇಲ್ಲ ಕಣೇ’ ಅಂತಿದ್ರು. ತಮಾಷೆಗೇ ಅಂತಿದ್ರು, ನನಗೆ ಮಾತ್ರ ಚುಚ್ಚೋದು. ನನ್ನ ಹಣೇನೇ ಹಾಗೆ, ನಾನೇನು ಮಾಡ್ಲಿ? ತಕೊರಾಡಿ ಊರಲ್ಲಿ ಕೆಲಸ ಮುಗಿಸ್ಕೊಂಡು ಮನೆಗೆ ಬರೋ ಹೊತ್ತಿಗೆ ಸರಿಹೋಗಿರ್ಲಿ ಅಂತ, ಅವರು ಬರೋಕೆ ಒಂದು ವಾರ ಮುಂಚೆ ಹೋಗಿ ಹಾಕಿಸ್ಕೊಂಡೆ. ಬಾಗಿಲು ತೆಗೆದು ತೋರಿಸ್ಬೇಕು ಅಂತಿದ್ದೆ. ಬರೋ ದಾರೀಲೇ ಆ ಲಾರಿ... ಅವರು ನೋಡ್ಲೇ ಇಲ್ಲ.”

ಯಾವ ಮಾತನ್ನೂ ಪರೀಕ್ಷೆ ಮಾಡದೆ ನಂಬುವ ಹೆಂಗಸಲ್ಲ ಪೊಕುವಾ. ಹೆಬ್ಬೆರಳನ್ನು ದುಫಿಯ ಹುಬ್ಬುಗಳ ನಡುವೆ ಒತ್ತಿ ಹಿಡಿದು, “ಎಲ್ಲಿ, ಗಂಟು ಹಾಕು,” ಎಂದಳು. ದುಫಿ ಮೈ ನಡುಗುವಷ್ಟು ಪ್ರಯತ್ನಪಟ್ಟಳು. ಗಲ್ಲ ನಡುಗಿತು, ತುಟಿ ನಡುಗಿತು, ಕಣ್ಣೀರು ಧಾರಾಕಾರವಾಗಿ ಇಳಿದು ಪೊಕುವಾಳ ಅಂಗೈಯನ್ನು ತೋಯಿಸಿತು. ಹೆಬ್ಬೆರಳಿನ ಕೆಳಗೆ ಮಾತ್ರ ಏನೂ ಅಲುಗಲಿಲ್ಲ.

“ಹಾಳಾದ್ ಸೂಜಿ,” ಎಂದಳು ಪೊಕುವಾ. ಬಗ್ಗಿ ಬೋಗುಣಿಯನ್ನು ತಾನೇ ಎತ್ತಿ ದುಫಿಯ ತಲೆಯ ಮೇಲಿಟ್ಟಳು. ಅವಳ ರಟ್ಟೆ ಹಿಡಿದು, ಶಾಮಿಯಾನದವರೆಲ್ಲ ನೋಡುತ್ತಿದ್ದಂತೆಯೇ ಒಳಗೆ ಕರೆದುಕೊಂಡು ಹೋದಳು. ಬೋಟೆಂಗ್ ಮುಚ್ಚಳ ಹಿಡಿದುಕೊಂಡೇ ಪಕ್ಕಕ್ಕೆ ಸರಿದು ನಿಂತ. ದುಫಿ ಒಂದೊಂದೇ ಸಾಮಾನನ್ನು ಗಂಡನ ಮಗ್ಗುಲಲ್ಲಿ ಜೋಡಿಸಿದಳು.

ಅವಳು ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಪೊಕುವಾ ಅವಳ ಕತ್ತಿನ ಹಿಂದೆ ಕೈಯಿಟ್ಟು, ಮುಖವನ್ನು ತಮ್ಮನ ಮುಖದ ಹತ್ತಿರಕ್ಕೆ ಬಗ್ಗಿಸಿದಳು. ಆಮೇಲೆ, ಪಕ್ಕದ ಕೋಣೆಯಲ್ಲಿ ಮಲಗಿದವನಿಗೆ ಹೇಳುವ ಹಾಗೆ ಗಟ್ಟಿಯಾಗಿ ಹೇಳಿದಳು:

“ಅಗ್ಯೆಮಾನ್, ಹೋಗೋಕೆ ಮುಂಚೆ ಸರಿಯಾಗಿ ನೋಡ್ಕೊಳ್ಳೋ. ನಿನ್ನ ಹೆಂಡ್ತಿಗೆ ನಿನ್ನ ಮೇಲೆ ಸಿಟ್ಟಿಲ್ಲ.”