ಮೂಲೆ ತುಂಬಿಸಿದ ನಿಘಂಟುಕಾರ

"ಲೋಕದ ಮೊದಲ ನಿಘಂಟುಕಾರ ಅರ್ಥ ಬರೆಯದೆ ಖಾಲಿ ಬಿಟ್ಟ ಒಂದೇ ಪದ ಯಾವುದು?" ಕ್ವಿಜ್ ಮಾಸ್ಟರ್ ಕೇಳಿದ್ದೇ ತಡ, ಉಪಸಂಪಾದಕರ ಕೈ ಬಜರ್ ಒತ್ತಿಬಿಟ್ಟಿತ್ತು. ಒತ್ತಿದ ಮೇಲೆ ಅವರಿಗೆ ನೆನಪಾಯಿತು.

ಆ ನಿಘಂಟುಕಾರನನ್ನು ಹುಟ್ಟಿಸಿದವರು ಅವರೇ. ಹೋದ ವರ್ಷ ಒಂದು ದಿನ, ಪುಟ ಅಚ್ಚಿಗೆ ಹೋಗುವ ಹೊತ್ತಿಗೆ ತಮ್ಮ ಪತ್ರಿಕೆಯ ‘ನಿಮಗಿದು ಗೊತ್ತೇ?’ ಅಂಕಣದ ಕೆಳಗೆ ಎರಡು ಬೆರಳಗಲ ಜಾಗ ಉಳಿದಿತ್ತು. ತೂಕಡಿಸುತ್ತಲೇ ನಾಲ್ಕು ಸಾಲು ಹೊಸೆದು, ಆ ಪದ ‘ನಿದ್ದೆ’ ಎಂದು ಬರೆದು ಮೂಲೆ ತುಂಬಿಸಿದ್ದರು.

ಈಗ ಅಂಕಗಳು ಸಮ, ಇದೇ ಕೊನೆಯ ಪ್ರಶ್ನೆ. ಪಕ್ಕದ ಮೇಜಿನಲ್ಲಿ ಎದುರಾಳಿಯಾಗಿ ಷಡ್ಡಕ, ಮುಂದಿನ ಸಾಲಿನಲ್ಲಿ ಅತ್ತೆ ಮನೆಯವರೆಲ್ಲ. ‘ನಿದ್ದೆ’ ಎಂದರೆ ಕಪ್ ಉಪಸಂಪಾದಕರದ್ದೇ. ಪದ ನಾಲಿಗೆಯ ತುದಿಗೇ ಬಂದು ಕೂತಿತ್ತು. ಆದರೆ ಒಂದೇ ಸುಳ್ಳನ್ನು ಎರಡು ಸಲ ಹೇಳಲು ಮನಸ್ಸು ಒಪ್ಪಲಿಲ್ಲ.

"ಅಂಥ ಪದಾನೇ ಇಲ್ಲ ಸಾರ್. ಅದು ಬರೀ ಬುರುಡೆ," ಎಂದರು.

"ತಪ್ಪು ಉತ್ತರ!" ಪ್ರಶ್ನೆ ಷಡ್ಡಕನ ಪಾಲಾಯಿತು.

"ನಿದ್ದೆ!" ಎಂದ ಆತ. ಸಭಾಂಗಣದ ತುಂಬ ಚಪ್ಪಾಳೆ.

ಕಪ್ಪನ್ನು ಕಂಕುಳಲ್ಲಿ ಇರುಕಿಕೊಂಡೇ ಷಡ್ಡಕ ಇತ್ತ ವಾಲಿ, ಮರುಕದಿಂದ ಕೇಳಿದ: "ಅಲ್ಲ ಅಣ್ಣಾ, ನಿಮ್ಮ ಪೇಪರನ್ನ ನೀವೇ ಓದಲ್ವಾ?"