ವ್ಯಾನು ಬಂದ ದಿನ

“ಯಾರು ಬೇಕಾಗಿತ್ತು ನಿಮಗೆ?” ಬಾಗಿಲು ತೆರೆದ ಅಕ್ಕ ಕೇಳಿದಳು.

ತಂಗಿ ನಕ್ಕುಬಿಟ್ಟಳು. ಬಸ್ಸಿಲ್ಲದ ಊರಿನಿಂದ ಇಲ್ಲಿಗೆ ಬರಲಾಗದೆ ನಾಲ್ಕು ವರ್ಷವಾಗಿತ್ತು. ಹೊಲಿಗೆ ಮಷಿನ್ ಬಿಟ್ಟು ಮನೆಮನೆ ಅಲೆದು ಸಹಿ ಹಾಕಿಸಿ, ಕಚೇರಿ ಮೆಟ್ಟಿಲು ಸವೆಸಿ, ಊರವರೇ ನಡೆಸುವ ವ್ಯಾನು ತರಿಸಿದವಳು ಅವಳೇ. ಇವತ್ತು ಅದರ ಮೊದಲ ಸವಾರಿ.

“ತಮಾಷೆ ಸಾಕು ಅಕ್ಕಾ, ನಾನು ನಿನ್ನ ತಂಗಿ.”

“ನನ್ನ ತಂಗಿ ಚಿಕ್ಕವಳು. ವ್ಯಾನು ಶುರುವಾದ ದಿನವೇ ಬರ್ತೀನಿ ಅಂದಿದ್ದಾಳೆ. ಅವಳು ಬರೋವರೆಗೆ ನೀವು ಕೂತಿರಿ.”

‘ಸ್ವಲ್ಪ ಮರೆವು ಅಷ್ಟೇ’ ಎಂದಿದ್ದಳು ಅಕ್ಕನ ಸೊಸೆ, ಫೋನಿನಲ್ಲಿ. ಹುಟ್ಟಿದಾಗಿನಿಂದ ತನ್ನನ್ನು ‘ಏ ಕತ್ತೆ’ ಎಂದೇ ಕರೆದಿದ್ದ ಅಕ್ಕನ ಬಾಯಿ ಈಗ ಬಹುವಚನದಲ್ಲಿ ಉಪಚರಿಸುತ್ತಿತ್ತು.

ಅಕ್ಕ ಜಗಲಿಯಲ್ಲಿ ಕೂತು ರಸ್ತೆಯತ್ತ ಕಣ್ಣು ನೆಟ್ಟಳು. ತಂಗಿ ಅವಳ ಪಕ್ಕದಲ್ಲಿ ಕೂತು, ಅವಳಂತೆಯೇ ರಸ್ತೆ ನೋಡುತ್ತಾ, “ಬರ್ತಾಳೆ ಬಿಡಿ,” ಎಂದಳು.