ಮೂರನೇ ಕೋಟ್

ಅರವತ್ತು ದಾಟಿದ ಎಲ್ಲರಂತೆ ದೊರೆಸ್ವಾಮಿಯೂ ತಿಂಗಳು ತಿಂಗಳೂ ಕುಗ್ಗುತ್ತಾ ಬಂದು, ಈಗ ಹೆಬ್ಬೆರಳಿನಷ್ಟಾಗಿದ್ದರು. ಮೂವತ್ತು ವರ್ಷ ವಿಮಾನಗಳಿಗೆ ಬಣ್ಣ ಹೊಡೆದಿದ್ದರೂ ಒಂದರಲ್ಲೂ ಕೂತವರಲ್ಲ. ಅದಕ್ಕೇ ಇನ್ನೂ ಅರವತ್ತಾಗದ ಹೆಂಡತಿ ಗಿರಿಜಾಂಬ ಅವರ ಅಳತೆಯ ಪ್ಲಾಸ್ಟಿಕ್ ವಿಮಾನದ ಕಿಟ್ ತಂದು ಊಟದ ಮೇಜಿನ ಮೇಲೆ ಜೋಡಿಸಿದರು.

“ಇವತ್ತೇ ಹತ್ತಿ ಕೂತ್ಕೊಳ್ರೀ,” ಎಂದರು.

ದೊರೆಸ್ವಾಮಿ ಉಪ್ಪಿನ ಡಬ್ಬಿಯ ಮೇಲೆ ನಿಂತು ನೋಡಿದರು. “ಬಣ್ಣ ಇಲ್ದೆ? ಮೂರು ಕೋಟ್ ಆಗ್ಲಿ. ಒಂದೊಂದೂ ಚೆನ್ನಾಗಿ ಒಣಗ್ಬೇಕು.”

ಮೂರನೇ ಕೋಟ್ ಒಣಗುವಷ್ಟರಲ್ಲಿ ತಿಂಗಳಾಗಿತ್ತು. ಸೀಟಿನಲ್ಲಿ ಕೂರಿಸಿದರೆ ಅವರ ಕಾಲು ಪೆಡಲಿಗೆ ಎಟುಕಲಿಲ್ಲ.

“ಫಿನಿಶಿಂಗ್ ಮಾತ್ರ ಚೆನ್ನಾಗಿ ಬಂದಿದೆ,” ಎಂದರು ಒಳಗಿನಿಂದ.

ಗಿರಿಜಾಂಬ ಅದನ್ನೂ ಶೋಕೇಸಿನಲ್ಲಿಟ್ಟರು. ಹೀಗೇ ಬಣ್ಣ ಒಣಗುವಷ್ಟರಲ್ಲಿ ಅವರಿಗೆ ದೊಡ್ಡದಾಗಿಹೋದ ಹಿಂದಿನ ಮೂರು ವಿಮಾನಗಳು ಅಲ್ಲಿ ಆಗಲೇ ಖಾಲಿ ಹೊಳೆಯುತ್ತಿದ್ದವು.

ಅಂಗಡಿಯಲ್ಲಿ ಇದಕ್ಕಿಂತ ಚಿಕ್ಕ ಕಿಟ್ ಒಂದೇ ಇತ್ತು. ತಂದ ದಿನವೇ ಅಂಟಿಸಿ, ಬಣ್ಣದ ಶೀಶೆಗಳನ್ನು ಕಸದ ಬುಟ್ಟಿಗೆ ಹಾಕಿ, ಗೊಣಗುತ್ತಿದ್ದ ಗಂಡನನ್ನು ಎತ್ತಿ ಬೋಳು ಬೂದು ವಿಮಾನದೊಳಗೆ ಕೂರಿಸಿದರು. ವಿಮಾನ ಹಿಡಿದ ಕೈಯನ್ನು ತಲೆಗಿಂತ ಮೇಲೆತ್ತಿ ಅಡುಗೆಮನೆಯಿಂದ ಬಾಗಿಲವರೆಗೆ ಓಡಿದರು.

ಒಳಗಿನಿಂದ ಸಣ್ಣ ದನಿ ಬಂತು. ಬಣ್ಣದ ಮಾತೇ ಇರಬೇಕೆಂದು ಕಿವಿ ಹತ್ತಿರ ತಂದರು.

“ಇನ್ನೊಂದು ರೌಂಡ್ ಹೊಡಿಯೇ.”